86 ಜನರ ಯೂನಿಯನ್ ಉಳಿಯುತ್ತಾ?

ಓದುಗರ ಪ್ರಶ್ನೆ: "ಪೀಣ್ಯ ಎರಡನೇ ಹಂತದಲ್ಲಿ ಗಾಡಿ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. 29 ವರ್ಷದಿಂದ ಇಲ್ಲೇ ಇದ್ದೇನೆ. ನಾಲ್ಕು ವರ್ಷದಿಂದ ಯೂನಿಯನ್ ಕಾರ್ಯದರ್ಶಿ. ಒಂದು ಕಾಲಕ್ಕೆ 412 ಸದಸ್ಯರಿದ್ದೆವು, ಈಗ 86. ಕಾರ್ಖಾನೆ ಏನೂ ಸಣ್ಣದಾಗಿಲ್ಲ. ಒಳಗೆ ಇವತ್ತಿಗೂ 618 ಜನ ದುಡಿಯುತ್ತಾರೆ. ಪರ್ಮನೆಂಟ್ 118, ಫಿಕ್ಸೆಡ್ ಟರ್ಮ್ (ಇಂತಿಷ್ಟು ಅವಧಿಗೆ ಅಂತ ಕಂಪನಿಯೇ ತಗೊಂಡವರು) 70, ಅಪ್ರೆಂಟಿಸ್ 90, ಉಳಿದ 340 ಜನ ಕಾಂಟ್ರ್ಯಾಕ್ಟ್. ಪರ್ಮನೆಂಟ್‌ನವರಲ್ಲೂ 32 ಜನ ಚಂದಾ ನಿಲ್ಲಿಸಿದ್ದಾರೆ. ಎಲ್ಲರೂ 2011ರ ಒಪ್ಪಂದದ ನಂತರ ಸೇರಿದವರು. 'ಯೂನಿಯನ್‌ನಿಂದ ನಮಗೇನು ಸಿಕ್ತು' ಅಂತಾರೆ. ಕಾಂಟ್ರ್ಯಾಕ್ಟ್ ಹುಡುಗರು ಗೇಟ್ ಮೀಟಿಂಗ್‌ಗೆ ನಿಲ್ಲುವುದೇ ಇಲ್ಲ, ನಮ್ಮನ್ನು 'ಯೂನಿಯನ್ ಅಂಕಲ್' ಅಂತ ಕರೆಯುತ್ತಾರೆ. 51 ಪರ್ಸೆಂಟ್ ಇಲ್ಲದ ಯೂನಿಯನ್ ಜೊತೆ ಇನ್ನು ಮಾತಾಡೋ ಹಾಗಿಲ್ಲ, ಹೊಸ ಕಾನೂನು ಬಂದಿದೆ ಅಂತ ಎಚ್‌ಆರ್ ಹೇಳಿದರು. ಹುಡುಗರಿಗೆ ಬೇರೆಯದೇ ಒಂದು ಸಂಘ ಮಾಡಿಸುತ್ತಾರಂತೆ ಅಂತ ಗಾಳಿಸುದ್ದಿಯೂ ಇದೆ. ಇನ್ನು ಐದು ವರ್ಷದಲ್ಲಿ ನಮ್ಮ 86ರಲ್ಲಿ 31 ಜನ ರಿಟೈರ್ ಆಗುತ್ತೇವೆ. ಕಾಂಟ್ರ್ಯಾಕ್ಟ್‌ನವರನ್ನು ಸೇರಿಸಿಕೊಳ್ಳಬಹುದಾ? ಸೇರಿಸಿದರೆ ಅವರ ಕೆಲಸಕ್ಕೆ ಕುತ್ತು ಬರುತ್ತಾ? ಇಲ್ಲಾ, ಇದ್ದಷ್ಟು ದಿನ ನಡೆಸಿ ಬೀಗ ಹಾಕೋದೇ ಸರೀನಾ? ಬೀಗ ಅಂದಾಗ ನೆನಪಾಯಿತು, ಯೂನಿಯನ್ ಆಫೀಸಿನ ಬೀಗದ ಕೈ ವಾಪಸ್ ಕೊಡಿ ಅಂತಲೂ ಕೇಳುತ್ತಿದ್ದಾರೆ. ಕೊಡಬೇಕಾ?"

ಉತ್ತರ: ನಮಸ್ಕಾರ ಸರ್. ಮೂವತ್ತು ವರ್ಷದಿಂದ ಕಾರ್ಮಿಕರ ಕೇಸುಗಳನ್ನೇ ನಡೆಸುತ್ತಿದ್ದೇನೆ. ತುಮಕೂರು ರಸ್ತೆಯ ಆಚೀಚೆ ಇಂಥ ಯೂನಿಯನ್‌ಗಳನ್ನು ಹತ್ತಿರದಿಂದ ನೋಡಿದ್ದೇನೆ. ಪತ್ರ ಓದುವಾಗ 51 ಪರ್ಸೆಂಟ್ ವಿಷಯಕ್ಕಿಂತ ನನ್ನ ಕಣ್ಣು ನಿಂತಿದ್ದು ಆ 32 ಜನರ ಮೇಲೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು 51. ಅದನ್ನೇ ಮೊದಲು ನೋಡೋಣ.

ಎಚ್‌ಆರ್ ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ಹೆದರಿಸುವ ಮಾತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. 1926ರ ಟ್ರೇಡ್ ಯೂನಿಯನ್ ಕಾಯ್ದೆ, 1947ರ ಕೈಗಾರಿಕಾ ವಿವಾದ ಕಾಯ್ದೆ, ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ, ಮೂರರ ಜಾಗಕ್ಕೂ ಈಗ ಇದೊಂದೇ. 51 ಪರ್ಸೆಂಟ್ ಅನ್ನುವ ಮಾತು ಇದರಲ್ಲಿ ಇರುವುದು ಹೌದು. ಆದರೆ ಆ ಲೆಕ್ಕ ಬರುವುದು ಒಂದೇ ಕಾರ್ಖಾನೆಯಲ್ಲಿ ಒಂದಕ್ಕಿಂತ ಹೆಚ್ಚು ಯೂನಿಯನ್ ಇದ್ದಾಗ. ಒಂದೇ ಯೂನಿಯನ್ ಇರುವ ಕಡೆ ಮಾಲೀಕರು ಅದನ್ನೇ ಮಾತುಕತೆಯ ಯೂನಿಯನ್ ಅಂತ ಒಪ್ಪಬೇಕು, ನಿಯಮಗಳಲ್ಲಿರುವ ಷರತ್ತು ಪೂರೈಸಿದರೆ ಸಾಕು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಒಮ್ಮೆ ಹೋಗಿ ಆ ಷರತ್ತುಗಳ ಪ್ರತಿ ತಂದಿಟ್ಟುಕೊಳ್ಳಿ. ಎಚ್‌ಆರ್ ಬಾಯಲ್ಲಿ ಕಾನೂನು ಕೇಳಿಸಿಕೊಳ್ಳಬೇಡಿ. ಅವರು ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಿ ಅಂತ ಕೇಳಿ ನೋಡಿ, ಕೊಡುವುದಿಲ್ಲ.

ನಿಮ್ಮಲ್ಲಿ ಈಗ ಇರುವುದು ಒಂದೇ ಯೂನಿಯನ್. ಹಾಗಾದರೆ ಹುಡುಗರಿಗೆ ಬೇರೆ ಸಂಘ ಮಾಡಿಸುತ್ತಾರೆ ಅನ್ನುವ ಗಾಳಿಸುದ್ದಿ ಯಾಕೆ ಎದ್ದಿತು ಅಂತ ಗೊತ್ತಾಯಿತಲ್ವಾ? ಎರಡನೆಯದು ನೋಂದಣಿ ಆದ ದಿನ 51ರ ಲೆಕ್ಕ ಶುರು. ಆಗ ಯಾರಿಗೂ 51 ಇಲ್ಲದಿದ್ದರೆ ಕನಿಷ್ಠ 20 ಪರ್ಸೆಂಟ್ ಇರುವ ಯೂನಿಯನ್‌ಗಳೆಲ್ಲ ಸೇರಿದ ಒಂದು ಮಾತುಕತೆ ಮಂಡಳಿ ಬರುತ್ತದೆ. ಮ್ಯಾನೇಜ್‌ಮೆಂಟ್ ಕಟ್ಟಿಸಿದ ಸಂಘದವರ ಪಕ್ಕದಲ್ಲೇ ನೀವೂ ಕೂರಬೇಕಾಗುತ್ತದೆ.

ಈಗ ಪೆನ್ನು ತಗೊಳ್ಳಿ. 51 ಪರ್ಸೆಂಟ್ ಎಷ್ಟರ ಮೇಲೆ? 618ರ ಮೇಲೆ ಅಂತ ನೀವು ಅಂದುಕೊಂಡಿದ್ದೀರಿ, ಎಚ್‌ಆರ್‌ಗೂ ನೀವು ಹಾಗೆ ಅಂದುಕೊಂಡರೇ ಅನುಕೂಲ. ಕಾನೂನು ಹೇಳುವುದು ಆ ಸಂಸ್ಥೆಯ ಹಾಜರಿ ಪುಸ್ತಕದಲ್ಲಿರುವ ಕಾರ್ಮಿಕರ ಬಗ್ಗೆ. ಕಾಂಟ್ರ್ಯಾಕ್ಟ್‌ನವರ ಹಾಜರಿ ಕಾಂಟ್ರ್ಯಾಕ್ಟರ್ ಪುಸ್ತಕದಲ್ಲಿರುತ್ತದೆ. ಅಪ್ರೆಂಟಿಸ್ ಕಾಯ್ದೆಯಡಿ ಬಂದವರನ್ನು ಕಾರ್ಮಿಕರು ಅಂತ ಈ ಸಂಹಿತೆ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅಲ್ಲಿಗೆ ಉಳಿದದ್ದು 118 ಮತ್ತು 70, ಒಟ್ಟು 188. ಅದರ 51 ಪರ್ಸೆಂಟ್ ಅಂದರೆ 96 ಜನ. ನೀವು 86 ಇದ್ದೀರಿ.

ಹತ್ತು ಜನ ಕಡಿಮೆ, ಅಷ್ಟೇ. ಆ ಹತ್ತು ಜನ ಪಕ್ಕದ ಮೆಷಿನ್‌ನಲ್ಲೇ ನಿಂತಿದ್ದಾರೆ, ಚಂದಾ ನಿಲ್ಲಿಸಿದ 32ರಲ್ಲಿ.

(ಸಂಹಿತೆ ಹೊಸದು. ಈ ಲೆಕ್ಕದ ಬಗ್ಗೆ ಮಾಲೀಕರ ಕಡೆ ವಕೀಲರು ಬೇರೆ ವಾದ ಹೂಡಬಹುದು. 110 ಇದ್ದರೆ ನೆಮ್ಮದಿ. ಅದಕ್ಕೇ ಹತ್ತಕ್ಕೆ ನಿಲ್ಲಬೇಡಿ.)

ಈಗ ಆ 32 ಜನ. '2011ರ ಒಪ್ಪಂದದ ನಂತರ ಸೇರಿದವರು' ಅಂತ ನೀವೇ ಬರೆದಿದ್ದೀರಿ. ಒಪ್ಪಂದದಲ್ಲಿ ಏನಿತ್ತು ಅಂತ ಬರೆದಿಲ್ಲ. ನಾನು ಊಹಿಸಲಾ? 'ಈ ಒಪ್ಪಂದದ ದಿನಾಂಕದ ನಂತರ ನೇಮಕವಾಗುವವರಿಗೆ ಪ್ರತ್ಯೇಕ ವೇತನ ಶ್ರೇಣಿ ಅನ್ವಯಿಸುತ್ತದೆ' ಅಂತ ಎಲ್ಲೋ ಒಂಬತ್ತನೇ ಪುಟದಲ್ಲಿ ಒಂದು ಸಾಲು ಇರುತ್ತದೆ. ನನಗೆ ಹೇಗೆ ಗೊತ್ತು ಅಂದರೆ, ಅಂಥದ್ದೇ ಸಾಲನ್ನು ಇನ್ನೊಂದು ಕಾರ್ಖಾನೆಗೆ ನಾನೇ ಬರೆದುಕೊಟ್ಟಿದ್ದೇನೆ.

ಇಪ್ಪತ್ತು ವರ್ಷದ ಮೇಲಾಯಿತು. ಹನ್ನೊಂದು ತಿಂಗಳು ಜಗ್ಗಾಡಿದ್ದೆವು. ಕೊನೆಗೆ ಕಾರ್ಮಿಕ ಅಧಿಕಾರಿಯ ಮುಂದೆ 12(3) ಒಪ್ಪಂದ, ಅಂದರೆ ಸಂಧಾನದ ಒಪ್ಪಂದ, ಆಗುವ ಹೊತ್ತಿಗೆ ಮ್ಯಾನೇಜ್‌ಮೆಂಟ್ ಒಂದು ಮಾತು ಇಟ್ಟಿತು: ಇರುವವರಿಗೆ ನೀವು ಕೇಳಿದಷ್ಟು ಕೊಡುತ್ತೇವೆ, ಮುಂದೆ ಬರುವವರ ವಿಷಯ ನಮಗೆ ಬಿಡಿ. ಮುಂದೆ ಬರುವವರು ಆ ಕೋಣೆಯಲ್ಲಿ ಇರಲಿಲ್ಲವಲ್ಲ. ನಾವು ಒಪ್ಪಿದೆವು. ಸಂಜೆ ಮೈಸೂರುಪಾಕ್ ಹಂಚಿದರು, ನಾನೂ ತಿಂದೆ. ಸಂಧಾನದಲ್ಲಿ ಆದ ಒಪ್ಪಂದಕ್ಕೆ ಒಂದು ಗುಣ ಇದೆ. ಅದು ಆಮೇಲೆ ಕೆಲಸಕ್ಕೆ ಸೇರುವವರನ್ನೂ ಕಟ್ಟಿಹಾಕುತ್ತದೆ. ಎರಡು ವರ್ಷದ ನಂತರ ಒಬ್ಬ ಹುಡುಗ ನನ್ನ ಆಫೀಸಿಗೆ ಬಂದ. ಮೇಜಿನ ಮೇಲೆ ಎರಡು ಸಂಬಳದ ಚೀಟಿ ಪಕ್ಕಪಕ್ಕದಲ್ಲಿ ಇಟ್ಟ. ಒಂದು ಅವನದು, ಒಂದು ಅದೇ ಮೆಷಿನ್‌ನಲ್ಲಿ ಬೇರೆ ಶಿಫ್ಟ್ ಮಾಡುವವರದು. ಅವನದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆಮೇಲೆ ಒಪ್ಪಂದದ ಜೆರಾಕ್ಸ್ ತೆಗೆದು ಕೊನೆಯ ಪುಟಕ್ಕೆ ಬೆರಳಿಟ್ಟು ಕೇಳಿದ, "ಸಾರ್, ಈ ಸೈನ್ ನಿಮ್ದಾ?"

ಸಾಕ್ಷಿ ಅಂತ ಹಾಕಿದ ಸಹಿ ಅದು. ನನ್ನದೇ.

ನಿಮ್ಮ 32 ಜನ ಕೇಳುತ್ತಿರುವ 'ನಮಗೇನು ಸಿಕ್ತು' ಅನ್ನುವುದು ಸೋಮಾರಿತನದ ಮಾತು ಅಂತ ತಿಳಿಯಬೇಡಿ. ಅವರಿಗೆ ಏನು ಸಿಕ್ತು ಅಂತ ಅವರ ಹತ್ತಿರ ಚೀಟಿ ಸಮೇತ ಲೆಕ್ಕ ಇದೆ. 412 ಯಾಕೆ 86 ಆಯಿತು ಅನ್ನುವುದಕ್ಕೆ ದೊಡ್ಡ ಕಾರಣಗಳೂ ಉಂಟು, ಇಲ್ಲ ಅನ್ನುವುದಿಲ್ಲ. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಈ ಊರಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಸುಮಾರು ಒಂದೂಕಾಲು ಲಕ್ಷ ಜನ 77 ದಿನ ಮುಷ್ಕರ ಮಾಡಿದ್ದರು. ಆ ಕಾಲದಲ್ಲಿ ಬೆಂಗಳೂರಲ್ಲಿ ಯೂನಿಯನ್ ಅಂದರೆ ಆ ಕಾರ್ಖಾನೆಗಳೇ. ಕ್ವಾರ್ಟರ್ಸ್, ಕ್ಯಾಂಟೀನ್, ಬಸ್ಸು ಎಲ್ಲ ಒಂದೇ, ಮನೆ ಅಕ್ಕಪಕ್ಕ. ಸಂಘಟನೆ ಮಾಡಬೇಕು ಅಂತಲೇ ಇರಲಿಲ್ಲ, ಹಾಲು ತರಲು ಹೋದಲ್ಲೇ ಅರ್ಧ ಸಭೆ ಮುಗಿಯುತ್ತಿತ್ತು. ಆಮೇಲೆ ಆ ಕಾರ್ಖಾನೆಗಳು ಸೊರಗಿದವು, ಎಚ್‌ಎಂಟಿ ವಾಚ್ ಫ್ಯಾಕ್ಟರಿ 2016ರಲ್ಲಿ ಮುಚ್ಚಿತು. ಕೆಲಸ ಗಾರ್ಮೆಂಟ್ಸ್‌ಗೆ, ಐಟಿಗೆ, ಈಗ ಡೆಲಿವರಿ ಬೈಕಿಗೆ ಹೋಯಿತು. ಇದೆಲ್ಲ ನಿಜ. ಆದರೆ ನಿಮ್ಮ ಕಾರ್ಖಾನೆಯಲ್ಲಿ 618 ಜನ ಇದ್ದಾರೆ. ಜಾಗತೀಕರಣ ಅಂತ ಹೇಳಿ ಮುಗಿಸುವ ಹಾಗಿಲ್ಲ.

ಇನ್ನೊಂದು ಕಾರಣ ಯಾರೂ ಹೇಳುವುದಿಲ್ಲ, ಚಂದಾ. ನಿಮ್ಮಲ್ಲಿ ಚಂದಾ ಸಂಬಳದಲ್ಲೇ ಕಟ್ ಆಗುತ್ತೆ ಅಂದುಕೊಳ್ಳುತ್ತೇನೆ, ಹಳೇ ಯೂನಿಯನ್‌ಗಳಲ್ಲಿ ಹಾಗೇ. ಬಹಳ ಕಷ್ಟಪಟ್ಟು ಗಿಟ್ಟಿಸಿಕೊಂಡ ಅನುಕೂಲ ಅದು. ಅದಕ್ಕೆ ಮುಂಚೆ ಖಜಾಂಚಿ ಸಂಬಳದ ದಿನ ರಸೀದಿ ಪುಸ್ತಕ ಹಿಡಿದು ಮೆಷಿನ್‌ನಿಂದ ಮೆಷಿನ್‌ಗೆ ಹೋಗುತ್ತಿದ್ದರು. ಐದು ರೂಪಾಯಿ ಕೊಡುವಾಗ ಮನುಷ್ಯ ಸುಮ್ನೆ ಕೊಡುತ್ತಾನಾ? ಬೈದು ಕೊಡುತ್ತಾನೆ. 'ಶೌಚಾಲಯಕ್ಕೆ ನೀರಿಲ್ಲ, ನೀವೇನು ಮಾಡ್ತಿದೀರ', 'ಓಟಿ ಕಟ್ ಮಾಡಿದಾರೆ ನೋಡಿ', 'ಮಗಳ ಮದುವೆ, ಪಿಎಫ್ ಅಡ್ವಾನ್ಸ್ ಬಂದಿಲ್ಲ'. ಒಂದು ದಿನದ ಕಲೆಕ್ಷನ್ ಮುಗಿಯುವ ಹೊತ್ತಿಗೆ ಖಜಾಂಚಿಗೆ ಇಡೀ ಕಾರ್ಖಾನೆಯ ನಾಡಿ ಸಿಕ್ಕಿರುತ್ತಿತ್ತು. ಸಂಬಳದಲ್ಲಿ ಕಟ್ ಆಗಲು ಶುರುವಾದ ಮೇಲೆ ದುಡ್ಡು ತಪ್ಪದೆ ಬಂತು, ಬೈಗುಳ ನಿಂತಿತು. ಯಾರು ಮುನಿಸಿಕೊಂಡಿದ್ದಾರೆ ಅಂತ ಗೊತ್ತಾಗುವುದು ಅವರು ಕಟಾವು ನಿಲ್ಲಿಸಿ ಅಂತ ಅರ್ಜಿ ಕೊಟ್ಟ ದಿನವೇ. ಜೊತೆಗೆ ನಿಮ್ಮ ಸದಸ್ಯರ ಪಟ್ಟಿ ತಿಂಗಳು ತಿಂಗಳು ಎಚ್‌ಆರ್ ಕಂಪ್ಯೂಟರ್‌ನಲ್ಲಿ ತಯಾರಾಗುತ್ತದೆ. ಹೊಸದಾಗಿ ಸೇರುವವರಿಗಾದರೂ ರಸೀದಿ ಪುಸ್ತಕ ವಾಪಸ್ ತನ್ನಿ.

ಹಾಗಾದರೆ ಈಗಿನ ಹುಡುಗರಿಗೆ ಯೂನಿಯನ್ ಬೇಡ ಅನ್ನುವುದು ಸುಳ್ಳಾ? ನನ್ನ ಅನುಭವದಲ್ಲಿ ಸುಳ್ಳು. 2016ರ ಏಪ್ರಿಲ್ 18 ಮತ್ತು 19 ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಹೊಸೂರು ರಸ್ತೆಯಲ್ಲಿ, ನಿಮ್ಮ ಜಾಲಹಳ್ಳಿ ಕ್ರಾಸ್ ಹತ್ತಿರ, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಬಂದರು. ಬಹುಪಾಲು ಜನ ಯಾವ ಯೂನಿಯನ್‌ನ ಸದಸ್ಯರೂ ಆಗಿರಲಿಲ್ಲ. ಎರಡನೇ ದಿನ ಸಂಜೆಗೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅಷ್ಟು ಸಿಟ್ಟು, ಅಷ್ಟು ಒಗ್ಗಟ್ಟು ಎಲ್ಲಾ ಇತ್ತು. ಮಾರನೇ ದಿನ ಅವರೆಲ್ಲ ಹೋಗಿ ಸೇರಿಕೊಳ್ಳುವಂಥ ಜಾಗ ಫ್ಯಾಕ್ಟರಿಗಳಲ್ಲಿ ಇರಲಿಲ್ಲ.

ಗುತ್ತಿಗೆಯವರನ್ನು ಸಂಘಟಿಸಲು ಆಗುವುದಿಲ್ಲ ಅನ್ನುವವರಿಗೆ ನಾನು ಬೆಳಗ್ಗೆ ಆರು ಗಂಟೆಗೆ ನಿಮ್ಮ ಬೀದಿ ನೋಡಿ ಅನ್ನುತ್ತೇನೆ. ಬೆಂಗಳೂರಿನ ಪೌರಕಾರ್ಮಿಕರು ಗುತ್ತಿಗೆದಾರರ ಕೈಕೆಳಗೇ ಇದ್ದು ಸಂಘ ಕಟ್ಟಿದರು. ಹೆಚ್ಚಿನವರು ಹೆಣ್ಣುಮಕ್ಕಳು, ದಲಿತರು. 2018ರಲ್ಲಿ ಗುತ್ತಿಗೆದಾರರು ಹೋಗಿ ಪಾಲಿಕೆಯಿಂದ ನೇರ ಪಾವತಿ ಬಂತು. 2022ರ ಜುಲೈನಲ್ಲಿ ಖಾಯಂಗಾಗಿ ಮುಷ್ಕರ ಮಾಡಿದರು. 2025ರ ಮೇ ದಿನದಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಜನರ ಕೈಗೆ ಖಾಯಂ ಆದೇಶ ಬಂತು. ವರ್ಷಗಟ್ಟಲೆ ಹಿಡಿಯಿತು, ನಿಜ. ಆ ಕಡೆ ಐಟಿಯವರು ಯೂನಿಯನ್ ಕಟ್ಟಲ್ಲ ಅನ್ನುತ್ತಿದ್ದ ಊರಲ್ಲೇ 2017ರಲ್ಲಿ ಐಟಿ ನೌಕರರ ಸಂಘ ನೋಂದಣಿ ಆಯಿತು. ಆಪ್ ಕಂಪನಿಗಳ ಡ್ರೈವರ್, ಡೆಲಿವರಿ ಹುಡುಗರು ಗಲಾಟೆ ಮಾಡಿದ ಮೇಲೆಯೇ 2025ರಲ್ಲಿ ರಾಜ್ಯಕ್ಕೆ ಗಿಗ್ ಕಾರ್ಮಿಕರ ಕಾಯ್ದೆ ಬಂದದ್ದು.

ನಿಮ್ಮ ಕಾಂಟ್ರ್ಯಾಕ್ಟ್ ಹುಡುಗರು ಗೇಟ್ ಮೀಟಿಂಗ್‌ಗೆ ಯಾಕೆ ನಿಲ್ಲಲ್ಲ ಅಂದರೆ, ಗೇಟಿನ ಮೇಲೆ ಕ್ಯಾಮೆರಾ ಇದೆ, ಕಾಂಟ್ರ್ಯಾಕ್ಟರ್ ಸೂಪರ್‌ವೈಸರ್ ಅಲ್ಲೇ ಬೈಕ್ ಮೇಲೆ ಕೂತಿರುತ್ತಾನೆ, ಮೀಟಿಂಗ್‌ನಲ್ಲಿ ಮಾತಾಡುವುದು ನಿಮ್ಮ ವೇಜ್ ರಿವಿಷನ್ ಬಗ್ಗೆ. ಅವರಿಗೆ ಅದರಲ್ಲಿ ಒಂದು ರೂಪಾಯಿ ಇಲ್ಲ. ಅರ್ಧ ಹುಡುಗರು ರಾಯಚೂರು, ಕಲಬುರಗಿ ಕಡೆಯವರು, ಇನ್ನರ್ಧ ಒಡಿಶಾ, ಬಿಹಾರದವರು ಇರಬೇಕು. ನಿಮ್ಮ ನೋಟಿಸ್ ಬೋರ್ಡ್‌ನಲ್ಲಿ ಕೊನೆಯ ಸಲ ಹಿಂದಿಯಲ್ಲಿ ಒಂದು ಸಾಲು ಬರೆದದ್ದು ಯಾವಾಗ? ಕನ್ನಡ ಬಿಡಿ ಅನ್ನುತ್ತಿಲ್ಲ. ಕನ್ನಡದ ಕೆಳಗೆ ಎರಡು ಸಾಲು ಬರೆದರೆ ಬೋರ್ಡ್ ಏನೂ ಬೀಳುವುದಿಲ್ಲ.

ಈಗ ನೇರ ಪ್ರಶ್ನೆ: ಅವರನ್ನು ಸೇರಿಸಿಕೊಳ್ಳಬಹುದಾ? ಕಾನೂನು ಅಡ್ಡ ಬರುವುದಿಲ್ಲ. ಉದ್ಯಮದಲ್ಲಿ ಕೆಲಸ ಮಾಡುವ ಯಾರಾದರೂ ಯೂನಿಯನ್ ಸದಸ್ಯರಾಗಬಹುದು. ಅಡ್ಡ ಬರುವುದು ನಿಮ್ಮ ಬೈಲಾ. ಆ ಕಾಲದ ಬೈಲಾಗಳಲ್ಲಿ 'ಕಂಪನಿಯ ಖಾಯಂ ನೌಕರರು' ಅಂತಲೇ ಬರೆದಿರುತ್ತಾರೆ. ಸರ್ವ ಸದಸ್ಯರ ಸಭೆ ಕರೆದು ಆ ಕಲಂ ತಿದ್ದಿ ರಿಜಿಸ್ಟ್ರಾರ್‌ಗೆ ಕಳಿಸಬೇಕು. ಹೇಗೂ ಹಳೇ ಕಾಯ್ದೆಯಡಿ ನೋಂದಣಿ ಆದ ಯೂನಿಯನ್‌ಗಳು ಬೈಲಾವನ್ನು ಹೊಸ ಸಂಹಿತೆಗೆ ತಕ್ಕ ಹಾಗೆ ಸರಿಪಡಿಸಿದ್ದೇವೆ ಅಂತ ರಿಜಿಸ್ಟ್ರಾರ್‌ಗೆ ತಿಳಿಸಬೇಕಾಗಿದೆ. ಅದೇ ಸಭೆಯಲ್ಲಿ ಇದನ್ನೂ ಮುಗಿಸಿ.

ಸಭೆಯಲ್ಲಿ ಗಲಾಟೆ ಆಗುವುದು ಖಂಡಿತ, ತಯಾರಾಗಿ ಹೋಗಿ. 'ಅವರು 340, ನಾವು 86, ನಾಳೆ ಎಲೆಕ್ಷನ್‌ನಲ್ಲಿ ನಮ್ಮನ್ನೇ ಎತ್ತಿ ಹಾಕ್ತಾರೆ' ಅಂತ ನಿಮ್ಮ ಹಿರಿಯರೇ ಏಳುತ್ತಾರೆ. ಅದು ಸುಳ್ಳು ಭಯ ಏನಲ್ಲ. ಕೆಲವು ಕಡೆ ಸಮಿತಿಯಲ್ಲಿ ವಿಭಾಗಕ್ಕೆ ಇಷ್ಟು ಸ್ಥಾನ ಅಂತ ಹಂಚಿ ಇದನ್ನು ಸರಿ ಮಾಡಿಕೊಂಡಿದ್ದಾರೆ. ಅವರಿಗೆ ಇನ್ನೊಂದು ಲೆಕ್ಕ ತೋರಿಸಿ. ನೋಂದಣಿ ಉಳಿಯಬೇಕಾದರೆ ಕಾರ್ಮಿಕರಲ್ಲಿ ಹತ್ತು ಪರ್ಸೆಂಟ್ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಯಾವಾಗಲೂ ಇರಬೇಕು. ಕನಿಷ್ಠ ಏಳು. 31 ಜನ ರಿಟೈರ್ ಆದರೆ ನೀವು 55. 618ರ ಮೇಲೆ ಹತ್ತು ಪರ್ಸೆಂಟ್ ಎಣಿಸಿ ಅಂತ ಯಾರಾದರೂ ತಕರಾರು ತೆಗೆದರೆ 62 ಬೇಕು. ಆ ತಕರಾರು ನಿಂತರೆ ಐದು ವರ್ಷದ ನಂತರ ಎತ್ತಿ ಹಾಕಲು ಯೂನಿಯನ್ನೇ ಇರುವುದಿಲ್ಲ.

ಕಾಂಟ್ರ್ಯಾಕ್ಟ್‌ನವರ ಕೆಲಸಕ್ಕೆ ಕುತ್ತು ಬರುತ್ತಾ ಅಂತ ಕೇಳಿದ್ದೀರಿ. ಬರಬಹುದು. ಇದರಲ್ಲಿ ಸಿಹಿ ಮಾತು ಬೇಡ. ಅವರನ್ನು ಕೆಲಸದಿಂದ ತೆಗೆದೆವು ಅಂತಲೂ ಯಾರೂ ಹೇಳುವುದಿಲ್ಲ. 'ನಾಳೆಯಿಂದ ಬೇರೆ ಸೈಟ್‌ಗೆ ಹೋಗು' ಅಂತ ಕಾಂಟ್ರ್ಯಾಕ್ಟರ್ ಫೋನ್ ಮಾಡುತ್ತಾನೆ, ಮಾರನೇ ದಿನ ಪಾಸ್ ಕೆಲಸ ಮಾಡುವುದಿಲ್ಲ. ಸೇರಿದರೆ ಪರ್ಮನೆಂಟ್ ಮಾಡಿಸುತ್ತೇವೆ ಅಂತ ಮಾತ್ರ ದಯವಿಟ್ಟು ಆಸೆ ತೋರಿಸಬೇಡಿ. ಸುಪ್ರೀಂ ಕೋರ್ಟ್ 2001ರಲ್ಲೇ ಸ್ಟೀಲ್ ಅಥಾರಿಟಿ ಕೇಸಿನಲ್ಲಿ, ಗುತ್ತಿಗೆ ಪದ್ಧತಿ ನಿಷೇಧವಾದರೂ ಗುತ್ತಿಗೆಯವರು ತಾನಾಗಿ ಖಾಯಂ ಆಗುವುದಿಲ್ಲ ಅಂತ ಹೇಳಿದೆ. ಗುತ್ತಿಗೆ ಬರೀ ನೆಪ, ನಿಜವಾದ ಮಾಲೀಕ ಕಂಪನಿಯೇ ಅಂತ ವಿಚಾರಣೆಯಲ್ಲಿ ಸಾಬೀತು ಮಾಡಬೇಕು. ಅಂಥ ಕೇಸುಗಳು ಹತ್ತು ವರ್ಷ, ಹದಿನೈದು ವರ್ಷ ಎಳೆಯುತ್ತವೆ. ಆಸೆ ತೋರಿಸಿ ಕೈಬಿಟ್ಟ ಯೂನಿಯನ್ ಹತ್ತಿರಕ್ಕೆ ಆ ಹುಡುಗರು ಮತ್ತೆ ಸುಳಿಯುವುದಿಲ್ಲ.

ಹಾಗಾದರೆ ಏನು ಹೇಳಿ ಕರೆಯುವುದು? ಕೈಗೆ ಸಿಗುವಂಥದ್ದನ್ನು. ಕಾಂಟ್ರ್ಯಾಕ್ಟರ್ ಸಂಬಳ ಕೊಡದಿದ್ದರೆ, ಪಿಎಫ್, ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟದಿದ್ದರೆ ಕೊನೆಗೆ ಹೊಣೆ ಮೂಲ ಕಂಪನಿಯದೇ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಸಂಬಳದಲ್ಲಿ ಪಿಎಫ್ ಅಂತ 12 ಪರ್ಸೆಂಟ್ ಹಿಡಿದಿರುತ್ತಾರೆ, ಖಾತೆಯಲ್ಲಿ ಮೂರು ತಿಂಗಳಿಂದ ಏನೂ ಬಿದ್ದಿರುವುದಿಲ್ಲ. ಹುಡುಗನ ಮೊಬೈಲ್‌ನಲ್ಲೇ ಪಾಸ್‌ಬುಕ್ ತೆಗೆದು ತೋರಿಸಿ. ಓಟಿಗೆ ಎರಡು ಪಟ್ಟು ಬರಬೇಕು, ಸಿಂಗಲ್ ಕೊಟ್ಟಿರುತ್ತಾರೆ.

ನಾನು ನೋಡಿದ ಒಂದು ಪ್ರೆಸ್ ಶಾಪ್‌ನಲ್ಲಿ ಕಥೆ ತಿರುಗಿದ್ದು ಒಂದು ಇಎಸ್‌ಐ ಕಾರ್ಡಿನಿಂದ. ಕಾಂಟ್ರ್ಯಾಕ್ಟ್ ಹುಡುಗನೊಬ್ಬನ ತೋರುಬೆರಳು ಪವರ್ ಪ್ರೆಸ್‌ಗೆ ಸಿಕ್ಕಿತು. ಕಾಂಟ್ರ್ಯಾಕ್ಟರ್ ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಹೊಲಿಗೆ ಹಾಕಿಸಿ, ಐದು ಸಾವಿರ ಕೈಗಿಟ್ಟು, ಊರಿಗೆ ಹೋಗು ಅಂದ. ಆ ಯೂನಿಯನ್‌ನ ಇಬ್ಬರು, ಪರ್ಮನೆಂಟ್‌ನವರೇ, ರಜೆ ಹಾಕಿ ಹುಡುಗನನ್ನು ಇಎಸ್‌ಐ ಕಚೇರಿಗೆ ಕರೆದುಕೊಂಡು ಹೋದರು. ಅಪಘಾತದ ವರದಿಯೇ ಹೋಗಿರಲಿಲ್ಲ. ಓಡಾಡಿ ಅದನ್ನು ಹಾಕಿಸಿ, ಮೆಡಿಕಲ್ ಬೋರ್ಡ್ ಮುಂದೆ ನಿಲ್ಲಿಸಿ, ಬೆರಳು ಹೋದದ್ದಕ್ಕೆ ಜೀವನಪೂರ್ತಿ ಬರುವ ತಿಂಗಳ ಪರಿಹಾರ ಮಾಡಿಸಿಕೊಟ್ಟರು. ಏಳು ತಿಂಗಳು ಹಿಡಿಯಿತು. ಅಷ್ಟು ದಿನದಲ್ಲಿ ಒಂದೂ ಭಾಷಣ ಇಲ್ಲ. ಎಂಟನೇ ತಿಂಗಳು ಆ ಹುಡುಗನ ರೂಮಿನವರು ಹದಿನಾಲ್ಕು ಜನ ಒಂದೇ ಭಾನುವಾರ ರಸೀದಿ ಹರಿಸಿಕೊಂಡರು.

ಬೈಲಾ ತಿದ್ದಿ ನಿಮ್ಮ ಯೂನಿಯನ್‌ಗೇ ಸೇರಿಸಿಕೊಳ್ಳುವುದು ಒಂದು ದಾರಿ. ಇನ್ನೊಂದು ದಾರಿ, ಇಡೀ ಪೀಣ್ಯಕ್ಕೆ ಸೇರಿದ ಹಾಗೆ ಇರುವ ಏರಿಯಾ ಯೂನಿಯನ್. ಕಾಂಟ್ರ್ಯಾಕ್ಟರ್ ಹುಡುಗನನ್ನು ಈ ಗೇಟಿನಿಂದ ಆ ಗೇಟಿಗೆ ಎಸೆದರೂ ಅವನು ಸದಸ್ಯನಾಗಿಯೇ ಇರುತ್ತಾನೆ, ಹೆಸರು ನಿಮ್ಮ ಎಚ್‌ಆರ್‌ಗೆ ತಿಳಿಯುವುದು ನಿಧಾನ. ಕಾಂಟ್ರ್ಯಾಕ್ಟ್‌ನವರಿಗೆ ನಾನು ಇದನ್ನೇ ಹೆಚ್ಚು ಇಷ್ಟಪಡುತ್ತೇನೆ. ತೊಂದರೆ ಏನಂದರೆ ಇಂಥವು ಸಾಮಾನ್ಯವಾಗಿ ಯಾವುದಾದರೂ ಕೇಂದ್ರ ಕಾರ್ಮಿಕ ಸಂಘಟನೆಗೆ ಸೇರಿರುತ್ತವೆ, ಅದರ ಬಾವುಟಕ್ಕೆ ಒಂದು ಬಣ್ಣ ಇರುತ್ತದೆ. ಬಣ್ಣ ನೋಡಿ ದೂರ ಹೋಗುವವರೂ ಇದ್ದಾರೆ. ಯಾವ ಬಣ್ಣ ಅಂತ ನಾನು ಹೇಳುವುದಿಲ್ಲ. ಆ ಸಂಘಟನೆಯ ಪೂರ್ಣಾವಧಿ ಕಾರ್ಯಕರ್ತರು ನಿಮ್ಮ ಫೋನಿಗೆ ರಾತ್ರಿ ಒಂಬತ್ತಕ್ಕೆ ಸಿಗುತ್ತಾರಾ ಅಂತ ಮೊದಲು ಪರೀಕ್ಷೆ ಮಾಡಿ. ಅಲ್ಲಿ ಇನ್ನೊಂದು ಅಪಾಯವೂ ಇದೆ. ನಿಮ್ಮ 86 ಜನ 'ಅವರದು ಅವರಿಗೆ, ನಮ್ಮದು ನಮಗೆ' ಅಂತ ಮತ್ತೆ ಬಾಗಿಲು ಹಾಕಿಕೊಳ್ಳಬಹುದು. ಒಬ್ಬರಿಗೊಬ್ಬರು ತೋರಿಸದೆ ಬೇಡಿಕೆ ಪಟ್ಟಿಯನ್ನು ಮ್ಯಾನೇಜ್‌ಮೆಂಟ್‌ಗೆ ಕೊಡುವುದಿಲ್ಲ ಅಂತಾದರೂ ಮಾಡಿಕೊಳ್ಳಿ.

ಮೂರನೆಯದು, ಸದಸ್ಯತ್ವದ ಮಾತೇ ಎತ್ತದೆ ಆರು ತಿಂಗಳು ಬರೀ ಪಿಎಫ್, ಇಎಸ್‌ಐ ಸಹಾಯ ಮಾಡುವುದು. ನಿಧಾನ, ಆದರೆ ಯಾರ ಕೆಲಸಕ್ಕೂ ಕುತ್ತಿಲ್ಲ. ನೀವು ಕೇಳಿದ್ದರಿಂದ ಹೇಳುತ್ತೇನೆ: ಇದರಿಂದ ಶುರು ಮಾಡಿ. ಅದೇ ಹೊತ್ತಿಗೆ 32 ಜನರ ಜೊತೆ ಮಾತು. ಬೈಲಾ ಸಭೆ ಆಮೇಲೆ.

ಫಿಕ್ಸೆಡ್ ಟರ್ಮ್‌ನ 70 ಜನರನ್ನು ಮರೆಯಬೇಡಿ, 188ರ ಲೆಕ್ಕದಲ್ಲಿ ಅವರೂ ಇದ್ದಾರೆ. ಒಂದೇ ಬಗೆಯ ಕೆಲಸ ಮಾಡುವ ಖಾಯಂನವರಿಗೆ ಇರುವ ಸಂಬಳ, ಸೌಲಭ್ಯಕ್ಕಿಂತ ಇವರಿಗೆ ಕಡಿಮೆ ಕೊಡುವ ಹಾಗಿಲ್ಲ ಅಂತ ಸಂಹಿತೆ ಹೇಳುತ್ತದೆ. ಒಂದು ವರ್ಷ ದುಡಿದರೆ ಗ್ರಾಚ್ಯುಟಿಯೂ ಉಂಟು. ಎಷ್ಟು ಜನಕ್ಕೆ ಇದು ಗೊತ್ತು ಅಂತ ಕ್ಯಾಂಟೀನ್‌ನಲ್ಲಿ ಕೇಳಿ ನೋಡಿ. ಅವಧಿ ಮುಗಿದ ಮೇಲೆ ನವೀಕರಿಸದಿದ್ದರೆ ಮಾತ್ರ ಕಾನೂನಿನಲ್ಲಿ ಅದು ಕೆಲಸದಿಂದ ತೆಗೆದ ಹಾಗಲ್ಲ. ಅದಕ್ಕೇ ಅವರು ಹೆದರುತ್ತಾರೆ. ಅವರನ್ನು ಮುಂದೆ ನಿಲ್ಲಿಸಿ ನೀವು ಹಿಂದೆ ನಿಲ್ಲಬೇಡಿ.

ಆ 32 ಜನರ ಹತ್ತಿರ ಹೋಗುವುದು ಹೇಗೆ ಅಂತ ಕೇಳಿದರೆ, ಒಬ್ಬೊಬ್ಬರ ಮನೆಗೇ ಹೋಗಿ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಕಾರ್ಖಾನೆಯ ನಕ್ಷೆ ಬರೆಯಿರಿ. ಪ್ರೆಸ್ ಶಾಪ್, ಸಿಎನ್‌ಸಿ, ಪ್ಲೇಟಿಂಗ್, ಡಿಸ್‌ಪ್ಯಾಚ್. ಯಾರು ಎಲ್ಲಿ, ಯಾವ ಶಿಫ್ಟ್, ಮನೆ ಲಗ್ಗೆರೆಯಲ್ಲೋ ಹೆಗ್ಗನಹಳ್ಳಿಯಲ್ಲೋ ಚೊಕ್ಕಸಂದ್ರದಲ್ಲೋ, ಅವರು ಯಾರ ಮಾತು ಕೇಳುತ್ತಾರೆ. ಎಲ್ಲ ವಿಭಾಗದಲ್ಲೂ ಯಾವ ಪದಾಧಿಕಾರಿಯೂ ಅಲ್ಲದ ಒಬ್ಬ ಇರುತ್ತಾನೆ, ಸಂಬಳ ತಪ್ಪಾದರೆ ಎಲ್ಲರೂ ಮೊದಲು ಹೋಗಿ ತೋರಿಸುವುದು ಅವನಿಗೇ. ಮೊದಲು ಹೋಗಬೇಕಾದ ಮನೆ ಅವನದು. ಹೋದಾಗ ಕೇಳಿ, ಕೇಳಿಸಿಕೊಳ್ಳಿ. 2011ರ ಒಪ್ಪಂದದ ಮಾತು ಬಂದೇ ಬರುತ್ತದೆ. ಆಗ 'ಅವತ್ತಿನ ಪರಿಸ್ಥಿತಿ ಹಾಗಿತ್ತಪ್ಪಾ' ಅಂತ ಶುರು ಮಾಡಬೇಡಿ. ತಪ್ಪಾಯಿತು ಅನ್ನಿ. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಎರಡು ಶ್ರೇಣಿಯನ್ನು ಒಂದು ಮಾಡುವುದೇ ಮೊದಲ ಬೇಡಿಕೆ, ನಮ್ಮ ಹೆಚ್ಚಳ ಅದರ ನಂತರ ಅಂತ ಸಮಿತಿಯಲ್ಲಿ ನಿರ್ಣಯ ಮಾಡಿ, ಅದರ ಪ್ರತಿ ಜೇಬಲ್ಲಿಟ್ಟುಕೊಂಡು ಹೋಗಿ. ನಿಮ್ಮ 86ರಲ್ಲಿ ಕೆಲವರು ಇದಕ್ಕೆ ಒಪ್ಪದೆ ಹೊರಟುಹೋಗಬಹುದು. ಅದನ್ನೂ ಎಣಿಸಿಕೊಂಡೇ ಇಳಿಯಿರಿ.

ವಾಟ್ಸಾಪ್ ಗ್ರೂಪ್‌ನಲ್ಲಿ ಸಭೆಯ ಸಮಯ, ಜಾಗ ಬಿಟ್ಟು ಬೇರೇನೂ ಹಾಕಬೇಡಿ. ಸ್ಕ್ರೀನ್‌ಶಾಟ್ ಹತ್ತು ನಿಮಿಷದಲ್ಲಿ ಎಚ್‌ಆರ್ ಮೇಜಿನ ಮೇಲಿರುತ್ತದೆ. ಸಿಟ್ಟಿನಲ್ಲಿ ಎಲ್ಲರೂ ಒಟ್ಟಿಗೆ ರಜೆ ಹಾಕೋಣ ಅಂತ ಯಾರಾದರೂ ಅಂದರೆ ತಡೆಯಿರಿ. ಅರ್ಧದಷ್ಟು ಅಥವಾ ಹೆಚ್ಚು ಜನ ಒಂದೇ ದಿನ ಸಿಎಲ್ ಹಾಕಿದರೆ ಈಗ ಅದೂ ಮುಷ್ಕರವೇ. ಮುಷ್ಕರಕ್ಕೆ ಹದಿನಾಲ್ಕು ದಿನದ ಮುಂಚೆ ನೋಟಿಸ್ ಕೊಡಬೇಕು. ಮೊದಲು ಇದು ಸಾರ್ವಜನಿಕ ಉಪಯುಕ್ತ ಸೇವೆ ಅಂತ ಹೆಸರಿಸಿದ ಕಡೆ ಮಾತ್ರ ಇತ್ತು.

ನಿಮ್ಮ ಹತ್ತಿರ ಇರುವ ಒಂದು ಬಲವಾದ ಕವಚದ ಬಗ್ಗೆ ಹೇಳಬೇಕು. ಯೂನಿಯನ್ ಪದಾಧಿಕಾರಿಗಳಲ್ಲಿ ಕೆಲವರನ್ನು ರಕ್ಷಿತ ಕಾರ್ಮಿಕರು ಅಂತ ಮಾಡಿಸಬಹುದು. ಒಟ್ಟು ಕಾರ್ಮಿಕರಲ್ಲಿ ಒಂದು ಪರ್ಸೆಂಟ್, ಕನಿಷ್ಠ ಐದು ಜನ. ವಿವಾದ ನಡೆಯುತ್ತಿರುವಾಗ ಅನುಮತಿ ಇಲ್ಲದೆ ಅವರನ್ನು ವಜಾ ಮಾಡುವ ಹಾಗಿಲ್ಲ. ಐದರಲ್ಲಿ ಎರಡು ಜಾಗ ಆ 32ರವರಿಗೆ ಕೊಡಿ. ರಿಟೈರ್ ಆಗಲು ಎರಡು ವರ್ಷ ಇರುವವರಿಗೆ ಕವಚ ಕೊಟ್ಟು ಏನು ಪ್ರಯೋಜನ, ಅಲ್ವಾ?

ಕೊನೆಗೆ ಬೀಗದ ಕೈ. ಬಾಯಿಮಾತಿಗೆ ಕೊಡಬೇಡಿ. ರೂಮು ಯಾವ ಒಪ್ಪಂದದಲ್ಲಿ ಸಿಕ್ಕಿದ್ದು ಅಂತ ಹಳೇ ಫೈಲು ನೋಡಿ. ಒಪ್ಪಂದದ ಕಲಂ ಇದ್ದರೆ ಅದನ್ನು ಅವರೊಬ್ಬರೇ ರದ್ದು ಮಾಡಲು ಬರುವುದಿಲ್ಲ. ಲಿಖಿತವಾಗಿ ಕೇಳಿ, ಸಮಿತಿಯಲ್ಲಿಟ್ಟು ಉತ್ತರ ಕೊಡುತ್ತೇವೆ ಅಂತ ಒಂದು ಪತ್ರ ಬರೆದು ಸ್ವೀಕೃತಿ ಹಾಕಿಸಿಕೊಳ್ಳಿ. ಅದಕ್ಕೂ ಮುಂಚೆ, ನಾಳೆ ಫಸ್ಟ್ ಶಿಫ್ಟ್ ಮುಗಿದ ಮೇಲೆ, ನೋಂದಣಿ ಸರ್ಟಿಫಿಕೇಟ್, ಸದಸ್ಯತ್ವದ ರಿಜಿಸ್ಟರ್, ಸಭೆ ನಡಾವಳಿ ಪುಸ್ತಕ, ಹಳೇ ರಸೀದಿ ಪುಸ್ತಕದ ಅಡಿಪ್ರತಿಗಳನ್ನು ಆ ರೂಮಿನಿಂದ ತೆಗೆದು ಮನೆಗೆ ಒಯ್ಯಿರಿ. ಜೊತೆಗೆ, ರಿಜಿಸ್ಟ್ರಾರ್‌ಗೆ ವರ್ಷ ವರ್ಷ ಕೊಡಬೇಕಾದ ಲೆಕ್ಕದ ರಿಟರ್ನ್ ಕೊನೆಯ ಸಲ ಕೊಟ್ಟದ್ದು ಯಾವಾಗ ಅಂತ ನೋಡಿ. ಹಳೇ ಯೂನಿಯನ್‌ಗಳಲ್ಲಿ ನಾಲ್ಕೈದು ವರ್ಷದ್ದು ಬಾಕಿ ಇರುವುದನ್ನು ಬಹಳ ಕಂಡಿದ್ದೇನೆ. ಇನ್ನೊಂದು ಸಂಘ ಕಟ್ಟಿಸುವವರು ಮೊದಲು ಹುಡುಕುವುದು ಅದನ್ನೇ. ಬಾಕಿ ಇದ್ದರೆ ಈ ತಿಂಗಳೇ ಆಡಿಟ್ ಮಾಡಿಸಿ ಸಲ್ಲಿಸಿಬಿಡಿ, ಆಮೇಲೆ ಆ 32ರ ಮೊದಲ ಮನೆಯ ಬಾಗಿಲು ತಟ್ಟಿ.